ಹಿಂದಿನ ಕಾಲದ ಸಾಹಿತಿಗಳು ದಿನಾ ಪೇಪರ್ ಓದುತ್ತಿದ್ದರಾ?

ಓದುಗರ ಪ್ರಶ್ನೆ: ಪೇಪರ್ ಓದೋದೇ ದಂಡ ಅಂತ ಅಮೆರಿಕದ ಲೇಖಕ ಥೋರೋ ಹೇಳಿದ್ದಾನಂತೆ. ಹಿಂದಿನ ಶತಮಾನಗಳ ದೊಡ್ಡ ದೊಡ್ಡ ಸಾಹಿತಿಗಳು ಸುದ್ದಿಯ ಗೊಡವೆಗೇ ಹೋಗದೆ ಇದ್ದಿದ್ದಕ್ಕೆ ಅಷ್ಟೊಂದು ಬರೆಯೋಕೆ ಆಯ್ತಾ? ಅಥವಾ ಅವರೂ ನಮ್ಮ ಹಾಗೆ ದಿನಾ ಪೇಪರ್ ಓದುತ್ತಿದ್ದರಾ?

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಓದುತ್ತಿದ್ದರು. ಆಸೆಪಟ್ಟು, ಕಾದು, ಎರವಲು ತಂದು ಓದುತ್ತಿದ್ದರು. ಪೇಪರನ್ನು ಬಾಯಿತುಂಬ ಬೈದವರೂ ಓದಿದವರೇ. ಆದರೆ ಅವರ ಓದಿಗೂ ನಮ್ಮ ಓದಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ಕೈಗೆ ಸಿಗುತ್ತಿದ್ದ ಸುದ್ದಿ ಕಡಿಮೆ. ಸಿಕ್ಕಿದ ಒಂದೊಂದು ಸುದ್ದಿಯ ಜೊತೆ ಅವರು ಕಳೆಯುತ್ತಿದ್ದ ಹೊತ್ತು ಜಾಸ್ತಿ. ಅವರ ಬರವಣಿಗೆಗೂ ಪೇಪರಿಗೂ ಇರುವ ನಂಟು ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಆಗಿನ ಪೇಪರ್ ಹೇಗಿತ್ತು ಅಂತ ನೋಡೋಣ. ಅಚ್ಚಾದ ಮೊದಲ ಸುದ್ದಿಪತ್ರಿಕೆ ಹೊರಟಿದ್ದು 1605ರಲ್ಲಿ, ಸ್ಟ್ರಾಸ್‌ಬರ್ಗ್ ಊರಿನಲ್ಲಿ. ಅದು ವಾರಪತ್ರಿಕೆ. ದಿನಾ ಬರುವ ಪತ್ರಿಕೆಗೆ 1650ರವರೆಗೆ ಕಾಯಬೇಕಾಯಿತು, ಅದು ಲೈಪ್‌ಜಿಗ್‌ನಲ್ಲಿ. ಲಂಡನ್ನಿಗೆ ದಿನಪತ್ರಿಕೆ ಬಂದಿದ್ದು 1702ರಲ್ಲಿ, ಪ್ಯಾರಿಸ್ಸಿಗೆ 1777ರಲ್ಲಿ. ಬಹಳಷ್ಟು ಪತ್ರಿಕೆಗಳು ನಾಲ್ಕೇ ಪುಟ. ದೊಡ್ಡ ಹಾಳೆಯನ್ನು ಒಮ್ಮೆ ಮಡಚಿದರೆ ಮುಗಿಯಿತು. ಓದಿ ಮುಗಿಸಿದ ಮೇಲೆ ಇನ್ನಷ್ಟು ಬೇಕು ಅಂದರೂ ಸಿಗುತ್ತಿರಲಿಲ್ಲ.

ಬೆಲೆಯೂ ಕೈಗೆಟುಕುವಂತೆ ಇರಲಿಲ್ಲ. ಬ್ರಿಟನ್ನಿನಲ್ಲಿ 1712ರಿಂದ ಪ್ರತಿ ಪ್ರತಿಯ ಮೇಲೂ ಸರ್ಕಾರದ ಮುದ್ರೆ ತೆರಿಗೆ ಇತ್ತು. ಅದು ಏರುತ್ತಾ ಏರುತ್ತಾ 1815ರಲ್ಲಿ ನಾಲ್ಕು ಪೆನ್ಸ್ ಆಯಿತು. ಒಂದು ಪೇಪರಿಗೆ ಏಳು ಪೆನ್ಸ್ ಕೊಡಬೇಕಾದ ಕಾಲ ಅದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆರಿಗೆಗೇ ಹೋಗುತ್ತಿತ್ತು. 1836ರಲ್ಲಿ ತೆರಿಗೆ ಒಂದು ಪೆನ್ನಿಗೆ ಇಳಿಯಿತು, 1855ರಲ್ಲಿ ಪೂರ್ತಿ ಹೋಯಿತು. ಅಲ್ಲಿಯವರೆಗೆ ತನಗೊಬ್ಬನಿಗೇ ಅಂತ ಪೇಪರ್ ಕೊಳ್ಳುವುದು ಉಳ್ಳವರ ಮಾತು. ಉಳಿದವರು ಕಾಫಿ ಮನೆಯಲ್ಲಿ ಓದುತ್ತಿದ್ದರು. ಪಕ್ಕದ ಮನೆಯಿಂದ ತರುತ್ತಿದ್ದರು. ಮುದ್ರೆ ಬಿದ್ದ ಪೇಪರಿಗೆ ಅಂಚೆ ಖರ್ಚು ಇರಲಿಲ್ಲವಾದ್ದರಿಂದ, ಓದಿದವರು ಅದನ್ನೇ ಮತ್ತೆ ಅಂಚೆಗೆ ಹಾಕಿ ಬೇರೆ ಊರಿನ ಗೆಳೆಯರಿಗೆ ಕಳಿಸುತ್ತಿದ್ದರು. 1711ರಲ್ಲಿ ಜೋಸೆಫ್ ಅಡಿಸನ್ ತಾನು ಹೊರಡಿಸುತ್ತಿದ್ದ ಹಾಳೆಯ ಲೆಕ್ಕ ಹೇಳುವಾಗ, ದಿನಕ್ಕೆ ಮೂರು ಸಾವಿರ ಪ್ರತಿ ಹೋಗುತ್ತವೆ, ಒಂದೊಂದನ್ನೂ ಇಪ್ಪತ್ತು ಜನ ಓದುತ್ತಾರೆ ಅಂತ ಅಂದಾಜು ಮಾಡಿದ. ತನ್ನ ಲೆಕ್ಕದಲ್ಲಿ ಅವನಿಗೇ ಸಂತೋಷ ಸ್ವಲ್ಪ ಜಾಸ್ತಿ ಇದ್ದಿರಬಹುದು. ಆದರೆ ಹಂಚಿಕೊಂಡು ಓದುವುದು ಮಾತ್ರ ಎಲ್ಲ ಕಡೆಯ ರೂಢಿ.

ಈ ಹಂಚಿಕೆ ಹೇಗಿತ್ತು ಅಂತ ಚೆನ್ನಾಗಿ ಗೊತ್ತಾಗುವುದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬರೆದಿಟ್ಟ ಒಂದು ಪುಟದಿಂದ. 1829ರ ಮಾರ್ಚ್‌ನಲ್ಲಿ, ಮುಂದೆ ಹೆಸರಾಂತ ಕಾದಂಬರಿಗಾರ್ತಿಯಾದ ಷಾರ್ಲೆಟ್ ಬ್ರಾಂಟಿ ಯಾರ್ಕ್‌ಷೈರಿನ ಹಾವರ್ತ್ ಊರಲ್ಲಿ ಕೂತು ತಮ್ಮ ಮನೆಯ ವರದಿ ಬರೆದಳು. ನಾವು ವಾರಕ್ಕೆ ಎರಡು ಪೇಪರ್ ತರಿಸುತ್ತೇವೆ, ಮೂರು ನೋಡುತ್ತೇವೆ ಅನ್ನುತ್ತಾಳೆ. ತರಿಸುವ ಎರಡೂ ಲೀಡ್ಸ್ ನಗರದವು. ಒಂದು ಟೋರಿ ಪಕ್ಷದ್ದು, ಇನ್ನೊಂದು ವಿಗ್ ಪಕ್ಷದ್ದು. ಮೂರನೆಯದನ್ನು ಪರಿಚಯದವರು ಓದಲು ಕೊಡುತ್ತಾರೆ, ಅದು ಕಟ್ಟಾ ಟೋರಿ, ಬಹಳ ಉಗ್ರ ಅಂತಲೂ ಸೇರಿಸುತ್ತಾಳೆ. ಯಾವ ಪತ್ರಿಕೆ ಯಾವ ಪಕ್ಷದ ಕಡೆ, ಯಾವುದರ ಸಂಪಾದಕ ಹೇಗೆ, ಎಲ್ಲ ಆ ಮಗುವಿಗೆ ಗೊತ್ತು! ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಕೊಡಬೇಕೋ ಬೇಡವೋ ಅನ್ನುವ ಚರ್ಚೆ ಅದೇ ವರ್ಷ ಬಿಸಿಯಾಗಿತ್ತು. ವಿಶೇಷ ಸಂಚಿಕೆ ಮನೆಗೆ ಬಂದ ದಿನ ಅಪ್ಪ ಎಂಥ ಆತುರದಲ್ಲಿ ಅದರ ಹೊದಿಕೆ ಹರಿದರು, ತಾವೆಲ್ಲ ಹೇಗೆ ಅವರ ಸುತ್ತ ಕೂಡಿ ಉಸಿರು ಬಿಗಿಹಿಡಿದು ಕೇಳಿದೆವು ಅಂತ ಅವಳು ಇನ್ನೊಂದು ಕಡೆ ಬರೆದಿದ್ದಾಳೆ. ಅಂದರೆ ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಆಗ ಎಷ್ಟೋ ಮನೆಗಳಲ್ಲಿ ಪೇಪರ್ ಕಣ್ಣಿಗಿಂತ ಕಿವಿಗೆ ಸೇರಿದ್ದು. ವಿಲಿಯಂ ಕೂಪರ್ 1785ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಕವಿತೆಯಲ್ಲಿ ಚಳಿಗಾಲದ ಸಂಜೆ ಪೇಪರ್ ಬರುವ ಚಿತ್ರ ಇದೆ: ಅಂಚೆಯವನು ತುತ್ತೂರಿ ಊದುತ್ತಾ ಬರುತ್ತಾನೆ, ಮನೆಯವರು ಬೆಂಕಿ ಕೆದಕಿ, ಕಿಟಕಿ ಮುಚ್ಚಿ, ಪರದೆ ಇಳಿಸಿ, ಸೋಫಾ ತಿರುಗಿಸಿಕೊಂಡು ಚಹಾದ ಜೊತೆ ಆ ನಾಲ್ಕು ಪುಟಗಳಿಗೆ ತಯಾರಾಗುತ್ತಾರೆ.

ಕಾಫಿ ಮನೆಯಲ್ಲಿ ಓದುವವರ ಕಷ್ಟ ಬೇರೆ. ಚಾರ್ಲ್ಸ್ ಲ್ಯಾಂಬ್ ಅದನ್ನು 1822ರ ಒಂದು ಪ್ರಬಂಧದಲ್ಲಿ ಹೇಳಿಕೊಂಡಿದ್ದಾನೆ. ಲಂಡನ್ನಿನ ನ್ಯಾಂಡೋಸ್‌ನಲ್ಲಿ ಕಪ್ಪು ಬಟ್ಟೆಯ ಒಬ್ಬ ಮಹಾಶಯ ಪೇಪರ್ ಹಿಡಿದರೆ ಬಿಡುವುದೇ ಇಲ್ಲ, ಪೇಪರ್ ಇನ್ನೊಬ್ಬರ ಕೈಯಲ್ಲಿದೆ ಸ್ವಾಮಿ ಅಂತ ಮಾಣಿ ಕೂಗುತ್ತಲೇ ಇರುತ್ತಾನೆ, ಕೇಳಿ ಕೇಳಿ ಸಾಕಾಯಿತು ಅನ್ನುತ್ತಾನೆ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ಪೇಪರ್ ಯಾವಾಗಲೂ ಕುತೂಹಲ ಹುಟ್ಟಿಸುತ್ತದೆ, ಆದರೆ ಓದಿ ಕೆಳಗಿಡುವಾಗ ನಿರಾಸೆ ಆಗದವರೇ ಇಲ್ಲ ಅಂತ. ಇನ್ನೂರು ವರ್ಷದ ಹಿಂದಿನ ಮಾತು ಇದು, ನಂಬೋಕೆ ಆಗಲ್ಲ ಅಲ್ವಾ? ಇದೇ ಲ್ಯಾಂಬ್ ಹರೆಯದಲ್ಲಿ ಪೇಪರಿಗೆ ಒಂದು ಜೋಕಿಗೆ ಆರು ಪೆನ್ಸ್‌ನಂತೆ ಜೋಕು ಬರೆದು ಕೊಟ್ಟವನು.

ಸುದ್ದಿಗಾಗಿ ಕಾಯುವುದು ಅಂದರೆ ಏನು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗ ವರ್ಡ್ಸ್‌ವರ್ತ್‌ನದು. ಪ್ರಕೃತಿಯ ಕವಿ, ಕೆರೆ ಬೆಟ್ಟಗಳ ನಡುವೆ ಲೋಕದ ಗದ್ದಲ ಮರೆತು ಇದ್ದವನು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1808ರ ಹೊತ್ತಿಗೆ ಸ್ಪೇನಿನಲ್ಲಿ ನೆಪೋಲಿಯನ್ ವಿರುದ್ಧ ಯುದ್ಧ ನಡೆದಿತ್ತು. ವರ್ಡ್ಸ್‌ವರ್ತ್ ಗ್ರಾಸ್‌ಮಿಯರ್‌ನಲ್ಲಿದ್ದ. ಲಂಡನ್ನಿನ ಪೇಪರ್ ಕೆಸ್ವಿಕ್ ಕಡೆಯಿಂದ ಗಾಡಿಯಲ್ಲಿ ಬರಬೇಕು. ಮನೆಯಲ್ಲಿ ಕೂತು ಕಾಯಲು ಅವನಿಂದ ಆಗುತ್ತಿರಲಿಲ್ಲ. ಕಿರಿಯ ಗೆಳೆಯ ಡಿ ಕ್ವಿನ್ಸಿಯನ್ನು ಕರೆದುಕೊಂಡು ರಾತ್ರಿ ಹೊತ್ತು ಡನ್‌ಮೇಲ್ ರೇಸ್ ಅನ್ನುವ ಏರುದಾರಿ ಹತ್ತಿ ಗಾಡಿಗೆ ಎದುರು ಹೋಗುತ್ತಿದ್ದ. ಒಂದು ರಾತ್ರಿ ನಡುರಾತ್ರಿ ಹತ್ತಿರವಾದರೂ ಗಾಡಿ ಬರಲಿಲ್ಲ. ವರ್ಡ್ಸ್‌ವರ್ತ್ ಆಗಾಗ ರಸ್ತೆಯ ಮೇಲೆ ಉದ್ದಕ್ಕೆ ಮಲಗಿ, ನೆಲಕ್ಕೆ ಕಿವಿಯಿಟ್ಟು, ದೂರದಲ್ಲಿ ಚಕ್ರದ ಸದ್ದು ಕೇಳುತ್ತದೆಯೇ ಅಂತ ಆಲಿಸುತ್ತಿದ್ದ. ಅಂದರೆ ಬೇಸಾಯದ ಊರೊಂದರ ದಾರಿಯಲ್ಲಿ, ಕತ್ತಲಲ್ಲಿ, ಇಂಗ್ಲೆಂಡಿನ ಮಹಾಕವಿ ಪೇಪರಿಗಾಗಿ ಮಣ್ಣಿನ ಮೇಲೆ ಮಲಗಿದ್ದಾನೆ.

ಮುಂದೆ ಆಗಿದ್ದು ಇನ್ನೂ ಚೆಂದ. ಹಾಗೆ ಒಮ್ಮೆ ನಿಧಾನವಾಗಿ ಏಳುವಾಗ ಎರಡು ಬೆಟ್ಟಗಳ ನಡುವೆ ಹೊಳೆಯುವ ಒಂದು ನಕ್ಷತ್ರ ಅವನ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಡಿ ಕ್ವಿನ್ಸಿಗೆ ಒಂದು ವಿಷಯ ವಿವರಿಸಿದ. ಮನಸ್ಸು ಯಾವುದಾದರೂ ಒಂದರ ಮೇಲೆ ಗಟ್ಟಿಯಾಗಿ ನೆಟ್ಟಿದ್ದು, ಆ ಬಿಗಿ ಥಟ್ಟನೆ ಸಡಿಲವಾದರೆ, ಆ ಕ್ಷಣಕ್ಕೆ ಕಣ್ಣಿಗೆ ಬಿದ್ದ ಸುಂದರವಾದ ವಸ್ತು ಬೇರೆ ಯಾವಾಗಲೂ ಇಲ್ಲದಷ್ಟು ಆಳವಾಗಿ ಎದೆಗೆ ಇಳಿಯುತ್ತದೆ ಅಂತ. ಅವನ ಕಾವ್ಯ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಕೀಲಿ ಸಿಗುವುದು ಕಷ್ಟ. ಅದು ಹುಟ್ಟಿದ್ದು ಪೇಪರ್ ಗಾಡಿಗೆ ಕಾಯುತ್ತಾ. ಆ ಯುದ್ಧದ ಸುದ್ದಿಯನ್ನು ಅವನು ಸುಮ್ನೆ ಓದಿ ಬಿಡಲೂ ಇಲ್ಲ. ಸೋತ ಫ್ರೆಂಚ್ ಸೇನೆಯನ್ನು ಬ್ರಿಟಿಷ್ ಸೇನಾಪತಿಗಳು ಪೋರ್ಚುಗಲ್‌ನಿಂದ ತಮ್ಮ ಹಡಗಿನಲ್ಲೇ ಊರಿಗೆ ಕಳಿಸಿಕೊಟ್ಟ ಸಿಂತ್ರಾ ಒಪ್ಪಂದದ ಮೇಲೆ ಸಿಟ್ಟಾಗಿ ಒಂದು ದೊಡ್ಡ ಲೇಖನ ಬರೆದ. ಅದರ ಮೊದಲ ಭಾಗಗಳು ಬಂದಿದ್ದೂ ಪೇಪರಿನಲ್ಲೇ. 1809ರಲ್ಲಿ ಪುಸ್ತಕವಾಯಿತು.

ಈಗ ಪ್ರಶ್ನೆಯಲ್ಲಿ ಹೆಸರು ಬಂದಿರುವ ಥೋರೋ ವಿಷಯಕ್ಕೆ ಬರೋಣ. 1854ರ ತನ್ನ ಹೆಸರಾಂತ ಪುಸ್ತಕದಲ್ಲಿ ಅವನು ಹೇಳಿದ್ದು ನಿಜ: ನೆನಪಿಡುವಂಥ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿಯೇ ಇಲ್ಲ. ಒಬ್ಬ ದರೋಡೆಗೊಳಗಾದ, ಒಂದು ಮನೆ ಸುಟ್ಟಿತು, ಒಂದು ಹಡಗು ಮುಳುಗಿತು ಅಂತ ಒಮ್ಮೆ ಓದಿದರೆ ಸಾಕು, ಅಂಥದ್ದನ್ನೇ ಮತ್ತೆ ಮತ್ತೆ ಯಾಕೆ ಓದಬೇಕು ಅನ್ನುವುದು ಅವನ ವಾದ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಗುಡಿಸಲು ಕಟ್ಟಲು ಮರ ಕಡಿಯುವ ದಿನಗಳಲ್ಲಿ ಅವನು ಬ್ರೆಡ್ಡು ಬೆಣ್ಣೆ ಕಟ್ಟಿಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಕಡಿದ ಪೈನ್ ಕೊಂಬೆಗಳ ನಡುವೆ ಕೂತು ಊಟ ಮಾಡುತ್ತಾ, ಬ್ರೆಡ್ಡು ಸುತ್ತಿ ತಂದ ಪೇಪರನ್ನೇ ಓದುತ್ತಿದ್ದ! 1859ರ ಅಕ್ಟೋಬರಿನಲ್ಲಿ ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ ಸಿಕ್ಕಿಬಿದ್ದಾಗಲಂತೂ ಥೋರೋ ಕೈಗೆ ಸಿಕ್ಕ ಪೇಪರ್ ಎಲ್ಲ ಓದಿದ. ಬ್ರೌನ್ ಪರವಾಗಿ ಕಾಂಕರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಅವನೇ ಹೇಳಿದ್ದಾನೆ, ವಾರದೊಳಗೆ ಸಿಕ್ಕ ಪತ್ರಿಕೆಗಳನ್ನೆಲ್ಲ ಓದಿದೆ, ಒಂದರಲ್ಲೂ ಈ ಜನರ ಬಗ್ಗೆ ಮರುಕದ ಒಂದು ಮಾತಿಲ್ಲ ಅಂತ. ಆ ಸಿಟ್ಟು ಬರಬೇಕಾದರೆ ಅಷ್ಟನ್ನೂ ಓದಿರಲೇಬೇಕು. ಆದ್ದರಿಂದ ಥೋರೋನನ್ನು ಪೇಪರ್ ಬಿಟ್ಟವರ ಗುರು ಅಂತ ಮುಂದೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅವನು ಬೇಡ ಅಂದಿದ್ದು ಚಟವನ್ನು. ಮುಖ್ಯವಾದ ವಿಷಯ ಬಂದಾಗ ಅವನಷ್ಟು ಗಮನ ಕೊಟ್ಟು ಓದಿದವರು ಕಡಿಮೆ.

ನಿಜವಾಗಿ ಬಿಟ್ಟವರೂ ಇದ್ದಾರೆ. ಥಾಮಸ್ ಜೆಫರ್ಸನ್ ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ ಊರಿಗೆ ಬಂದ ಮೇಲೆ, 1812ರಲ್ಲಿ ಜಾನ್ ಆಡಮ್ಸ್‌ಗೆ ಬರೆದ ಪತ್ರದಲ್ಲಿ, ಪೇಪರ್ ಬಿಟ್ಟು ಪ್ರಾಚೀನ ಇತಿಹಾಸಕಾರರಾದ ಟ್ಯಾಸಿಟಸ್, ಥ್ಯುಸಿಡಿಡೀಸ್, ನ್ಯೂಟನ್, ಯೂಕ್ಲಿಡ್ ಹಿಡಿದಿದ್ದೇನೆ, ಸುಖವಾಗಿದ್ದೇನೆ ಅಂದ. ಜರ್ಮನ್ ಕವಿ ಗಯಟೆ ಮುಪ್ಪಿನಲ್ಲಿ ಪ್ಯಾರಿಸ್ಸಿನ ಒಂದು ಪತ್ರಿಕೆಯನ್ನು ಬಹಳ ಮನಸ್ಸಿಟ್ಟು ಓದುತ್ತಿದ್ದವನು, 1830ರಲ್ಲಿ ಅದನ್ನೂ ಪಕ್ಕಕ್ಕಿಟ್ಟ. ಫ್ರೆಂಚ್ ಕವಿ ಬೋದಿಲೇರ್ ಇನ್ನೂ ಖಾರ. ಪೇಪರ್ ಅಂದರೆ ಮೊದಲ ಸಾಲಿನಿಂದ ಕೊನೆಯವರೆಗೆ ಬರೀ ಘೋರಗಳ ನೇಯ್ಗೆ, ಶುದ್ಧವಾದ ಕೈ ಅದನ್ನು ಅಸಹ್ಯಪಡದೆ ಹೇಗೆ ಮುಟ್ಟುತ್ತದೋ ಅಂತ ತನ್ನ ಖಾಸಗಿ ಟಿಪ್ಪಣಿಯಲ್ಲಿ ಬರೆದುಕೊಂಡ. ಆದರೆ ಅವನ ಇಪ್ಪತ್ತು ಗದ್ಯಕವಿತೆಗಳು 1862ರಲ್ಲಿ ಅಚ್ಚಾಗಿದ್ದು ಲಾ ಪ್ರೆಸ್ ಅನ್ನುವ ದಿನಪತ್ರಿಕೆಯಲ್ಲಿ. ಹೊಟ್ಟೆಪಾಡಿಗೂ ಓದುಗರಿಗೂ ಅವನಿಗೆ ಪೇಪರ್ ಬೇಕೇ ಬೇಕಿತ್ತು. ಆ ಶತಮಾನದ ಬಹುಪಾಲು ಬರಹಗಾರರ ಕಥೆ ಇದೇ.

ಇಲ್ಲೊಂದು ಮಾತು ಸೇರಿಸುತ್ತೇನೆ. ಪೇಪರ್ ಓದದಿದ್ದರೆ ನಿಮಗೆ ಏನೂ ಗೊತ್ತಿರಲ್ಲ, ಓದಿದರೆ ತಪ್ಪು ಗೊತ್ತಿರುತ್ತೆ ಅನ್ನುವ ಮಾತು ಮಾರ್ಕ್ ಟ್ವೈನ್ ಹೆಸರಲ್ಲಿ ಓಡಾಡುತ್ತಿದೆಯಲ್ಲ, ಅದು ಅವನ ಬರಹಗಳಲ್ಲಿ ಎಲ್ಲೂ ಸಿಕ್ಕಿಲ್ಲ. ದಯವಿಟ್ಟು ಅದನ್ನು ಅವನ ತಲೆಗೆ ಕಟ್ಟಬೇಡಿ.

ಸರಿ, ಓದಿದವರು ಓದಿದ್ದನ್ನು ಏನು ಮಾಡಿದರು? ಸ್ತಾಂದಾಲ್‌ನ 1830ರ ಕಾದಂಬರಿಯ ಬೇರು 1827ರ ಕೊನೆಯಲ್ಲಿ ಕೋರ್ಟ್ ಸುದ್ದಿಯ ಪತ್ರಿಕೆಯಲ್ಲಿ ಬಂದ ಒಂದು ವಿಚಾರಣೆಯಲ್ಲಿದೆ. ಬಡವರ ಮಗನೊಬ್ಬ, ಹಿಂದೆ ತಾನು ಪಾಠ ಹೇಳುತ್ತಿದ್ದ ಮನೆಯ ಯಜಮಾನಿಗೆ ಚರ್ಚಿನೊಳಗೆ ಗುಂಡು ಹೊಡೆದಿದ್ದ. ಎಡ್ಗರ್ ಅಲನ್ ಪೋ ಇನ್ನೂ ಮುಂದೆ ಹೋದ. 1841ರಲ್ಲಿ ನ್ಯೂಯಾರ್ಕಿನ ಮೇರಿ ರೋಜರ್ಸ್ ಅನ್ನುವ ಯುವತಿಯ ಶವ ಹಡ್ಸನ್ ನದಿಯಲ್ಲಿ ಸಿಕ್ಕಿತು. ಪೋ ಬರೀ ಪೇಪರ್ ವರದಿಗಳನ್ನು ಮುಂದಿಟ್ಟುಕೊಂಡು, ಊರನ್ನು ಪ್ಯಾರಿಸ್ ಮಾಡಿ, ತನ್ನ ಪತ್ತೇದಾರನಿಗೆ ಆ ಕೇಸು ಕೊಟ್ಟ. ಆ ಪತ್ತೇದಾರ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಒಂದೊಂದು ಪೇಪರ್ ಏನು ಬರೆದಿದೆ, ಎಲ್ಲಿ ಊಹೆ ಮಾಡಿದೆ, ಎಲ್ಲಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ಸಾಲು ಸಾಲು ಬಿಡಿಸುತ್ತಾನೆ. ಸುದ್ದಿಯನ್ನು ಅನುಮಾನಿಸುತ್ತಾ ಓದುವುದು ಹೇಗೆ ಅಂತ ಕಲಿಯಬೇಕಾದವರು ಈಗಲೂ ಆ ಕಥೆ ಓದಬಹುದು.

ಆದರೆ ಪೇಪರ್ ಓದಿನಲ್ಲಿ ದಾಸ್ತೋವ್‌ಸ್ಕಿಯ ಸಮ ಇನ್ನೊಬ್ಬರಿಲ್ಲ. ಸಾಲಗಾರರ ಕಾಟಕ್ಕೆ 1867ರಲ್ಲಿ ದೇಶ ಬಿಟ್ಟವನು ನಾಲ್ಕು ವರ್ಷ ಹೊರಗೇ ಇದ್ದ. ಜಿನೀವಾದಲ್ಲಿದ್ದಾಗ ರಷ್ಯಾದ ಪೇಪರ್ ಸಿಗುವ ಕೆಫೆಗೆ ಹೋಗಿ ಅವನ್ನು ಕೂಲಂಕಷವಾಗಿ ಓದುತ್ತಿದ್ದ. ತಂಗಿಯ ಮಗಳಿಗೆ ಪತ್ರ ಬರೆದು, ದೇವರಾಣೆಗೂ ಪೇಪರ್ ಓದು, ಈ ಕಾಲದಲ್ಲಿ ಓದದೆ ಇರೋಕಾಗಲ್ಲ ಅಂತ ಒತ್ತಾಯ ಮಾಡಿದ. ಹೀಗೆ ದೂರದಲ್ಲಿ ಕೂತು ಓದಿದ್ದರಲ್ಲಿ ಮಾಸ್ಕೋದ ಒಂದು ಕೊಲೆಯೂ ಇತ್ತು. ಶ್ರೀಮಂತ ವರ್ತಕನ ಮಗ ಆಭರಣದ ವ್ಯಾಪಾರಿಯನ್ನು ಕೊಂದು, ಹೆಣವನ್ನು ಮನೆಯಲ್ಲೇ ಇಟ್ಟುಕೊಂಡು, ಮೇಲೆ ಮೇಣದ ಬಟ್ಟೆ ಹೊದಿಸಿ, ವಾಸನೆ ಬರದಿರಲಿ ಅಂತ ಔಷಧದ ನೀರು ಇಟ್ಟಿದ್ದ. 1868ರಲ್ಲಿ ಬರೆದ ಕಾದಂಬರಿಯ ಕೊನೆಯ ದೃಶ್ಯದಲ್ಲಿ ಆ ಮೇಣದ ಬಟ್ಟೆ, ಮುಚ್ಚಳ ತೆಗೆದ ಆ ಬಾಟಲಿಗಳು ಹಾಗೇ ಬರುತ್ತವೆ. ಅಷ್ಟು ದೊಡ್ಡ ದುರಂತದ ನಡುವೆ ಆ ಬಾಟಲಿಗಳ ಮಾತು ಬರುವಾಗ ಮೈ ಜುಮ್ಮೆನ್ನುತ್ತದೆ. ಅಂಥ ವಿವರ ಸುಮ್ನೆ ಕೂತರೆ ಯಾರ ತಲೆಗೂ ಹೊಳೆಯುವುದಿಲ್ಲ.

ಊರಿಗೆ ಮರಳಿದ ಮೇಲೆ ಅವನು ತನ್ನದೇ ಮಾಸಿಕ ಹೊರಡಿಸಿದ. ಅದರ ಬಹುಪಾಲು ಪೇಪರ್ ಸುದ್ದಿಯ ಮೇಲಿನ ಯೋಚನೆ. 1876ರ ಶರತ್ಕಾಲದಲ್ಲಿ ಪೀಟರ್ಸ್‌ಬರ್ಗಿನ ಒಬ್ಬ ಬಡ ಹೊಲಿಗೆ ಹೆಂಗಸು ದೇವರ ಪಟವನ್ನು ಎದೆಗವಚಿಕೊಂಡು ಮೇಲಿನ ಮಹಡಿಯಿಂದ ಹಾರಿ ಸತ್ತಳು ಅಂತ ಒಂದು ಚಿಕ್ಕ ಸುದ್ದಿ ಬಂತು. ಓದುಗರು ಮರುದಿನಕ್ಕೆ ಮರೆತಿರಬಹುದು. ಅವನು ಬಿಡಲಿಲ್ಲ. ಆ ದೇವರ ಪಟ ಅವನನ್ನು ಕಾಡಿತು. ನವೆಂಬರಿನ ಇಡೀ ಸಂಚಿಕೆ ಒಂದೇ ಕಥೆಯಾಯಿತು: ಹೆಂಡತಿಯ ಹೆಣದ ಪಕ್ಕ ಕೂತು ಗಂಡ ಮಾತಾಡಿಕೊಳ್ಳುವ ಕಥೆ.

ಅದೇ ತಿಂಗಳುಗಳಲ್ಲಿ ಕಾರ್ನಿಲೋವಾ ಅನ್ನುವ ಬಸುರಿ ಹೆಂಗಸಿನ ಕೇಸು ನಡೆದಿತ್ತು. ಆರು ವರ್ಷದ ಮಲಮಗಳನ್ನು ಅವಳು ನಾಲ್ಕನೇ ಮಹಡಿಯ ಕಿಟಕಿಯಿಂದ ದೂಡಿಬಿಟ್ಟಿದ್ದಳು. ಮಗು ಆಶ್ಚರ್ಯವೆಂಬಂತೆ ಬದುಕಿತು. ಇವಳು ತಾನೇ ಪೊಲೀಸರ ಹತ್ತಿರ ಹೋಗಿ ಹೇಳಿಕೊಂಡಳು. ಕೋರ್ಟು ಕಠಿಣ ಶಿಕ್ಷೆ ಕೊಟ್ಟಿತು. ದಾಸ್ತೋವ್‌ಸ್ಕಿ ಆ ವರದಿ ಓದಿ, ಬಸಿರಿನಲ್ಲಿ ಕೆಲವರ ಮನಸ್ಸು ತಮ್ಮ ಹಿಡಿತದಲ್ಲಿ ಇರುವುದಿಲ್ಲ, ಅದನ್ನು ಯಾರೂ ಯೋಚಿಸಲೇ ಇಲ್ಲ ಅಂತ ಬರೆದ. ಜೈಲಿಗೆ ಹೋಗಿ ಅವಳನ್ನು ಕಂಡ, ಮತ್ತೆ ಮತ್ತೆ ಕಂಡ. ತೀರ್ಪು ರದ್ದಾಯಿತು. 1877ರ ಏಪ್ರಿಲ್‌ನಲ್ಲಿ ಮರುವಿಚಾರಣೆ ನಡೆದು ಅವಳಿಗೆ ಬಿಡುಗಡೆ ಆಯಿತು. ಪೇಪರ್ ಓದಿ ಯಾರಿಗೆ ಏನು ಉಪಯೋಗ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಕೇಸು.

ಒಂದು ಸಾಲು ಒಬ್ಬ ಕವಿಯ ಬದುಕನ್ನೇ ತಿರುಗಿಸಿದ್ದೂ ಉಂಟು. 1862ರ ಡಿಸೆಂಬರಿನಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಫ್ರೆಡರಿಕ್ಸ್‌ಬರ್ಗ್ ಯುದ್ಧದ ಗಾಯಾಳುಗಳ ಪಟ್ಟಿ ನ್ಯೂಯಾರ್ಕಿನ ಪೇಪರುಗಳಲ್ಲಿ ಬಂತು. ವಾಲ್ಟ್ ವಿಟ್ಮನ್ ಅದರಲ್ಲಿ ಒಂದು ಹೆಸರು ಕಂಡ. ಅಕ್ಷರ ತಪ್ಪಾಗಿ ವಿಟ್ಮೋರ್ ಅಂತಿತ್ತು, ಆದರೆ ಅದು ತನ್ನ ತಮ್ಮ ಜಾರ್ಜ್ ಅಂತ ಮನೆಯವರಿಗೆ ಗೊತ್ತಾಯಿತು. ಕೂಡಲೇ ಹೊರಟ. ತಮ್ಮನಿಗೆ ಕೆನ್ನೆಗೆ ಸಣ್ಣ ಗಾಯ ಅಷ್ಟೇ. ಆದರೆ ಅವನನ್ನು ಹುಡುಕುತ್ತಾ ಹೋಗಿ ಕಂಡ ಆಸ್ಪತ್ರೆಗಳನ್ನು ಬಿಟ್ಟು ಬರಲು ವಿಟ್ಮನ್‌ಗೆ ಮನಸ್ಸಾಗಲಿಲ್ಲ. ವಾಷಿಂಗ್ಟನ್‌ನಲ್ಲೇ ನಿಂತು ವರ್ಷಗಟ್ಟಲೆ ಗಾಯಗೊಂಡ ಸೈನಿಕರ ಹಾಸಿಗೆ ಪಕ್ಕ ಕೂತ. ಅವನ ಯುದ್ಧದ ಕವಿತೆಗಳು ಅಲ್ಲಿಂದ ಬಂದವು.

ಎಲ್ಲರೂ ಹೀಗೆ ದೊಡ್ಡ ವಿಷಯಕ್ಕೇ ಓದುತ್ತಿದ್ದರು ಅಂತಲ್ಲ. ಮುಂದೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ ಎಮಿಲಿ ಡಿಕಿನ್ಸನ್ ಸ್ಪ್ರಿಂಗ್‌ಫೀಲ್ಡ್‌ನ ಪತ್ರಿಕೆಯನ್ನು ರಾತ್ರಿ ತಪ್ಪದೆ ಓದುತ್ತಿದ್ದ ಕಾಲವಿತ್ತು. ರೈಲುಗಳು ಅನಿರೀಕ್ಷಿತವಾಗಿ ಭೇಟಿಯಾಗುವ, ಕಾರ್ಖಾನೆಯಲ್ಲಿ ಗಂಡಸರ ತಲೆ ಹಾರಿಹೋಗುವ ಆ ತಮಾಷೆಯ ಅಪಘಾತದ ಸುದ್ದಿಗಳನ್ನು ಯಾರು ಬರೆಯುತ್ತಾರೆ ಅಂತ ಅದೇ ಪತ್ರಿಕೆಗೆ ಸೇರಿದ ಸ್ನೇಹಿತರ ಮನೆಗೆ ಪತ್ರ ಬರೆದು ಕೇಳಿದ್ದಾಳೆ. ಸಾವಿನ ಬಗ್ಗೆ ಅವಳು ಬರೆದ ಕವಿತೆಗಳ ಧಾಟಿ ಗೊತ್ತಿದ್ದವರಿಗೆ ಆ ಕಣ್ಣು ಇಲ್ಲೂ ಕಾಣುತ್ತದೆ. ಬೈರನ್ 1821ರ ಜನವರಿಯಲ್ಲಿ ಇಟಲಿಯ ರವೆನ್ನಾದಲ್ಲಿ ಮನಸ್ಸು ಸರಿಯಿಲ್ಲದೆ ಪೇಪರ್ ಹಿಡಿದ. ಇಂಗ್ಲೆಂಡಿನ ಒಂದು ಕೊಲೆ ಕೇಸಿನಲ್ಲಿ ಅಂಗಡಿಯವನ ಸಾಕ್ಷಿ ಇತ್ತು. ಒಂದು ಕಾಲಕ್ಕೆ ಯುರೋಪಿನ ಮನೆಮಾತಾಗಿದ್ದ ರಿಚರ್ಡ್‌ಸನ್‌ನ ಕಾದಂಬರಿಯ ಹಾಳೆ ಹರಿದು ಅವನು ಮಾಂಸ ಕಟ್ಟಿಕೊಟ್ಟಿದ್ದ. ಕೀರ್ತಿ ಅಂದರೆ ಇಷ್ಟೇನಾ ಅಂತ ಬೈರನ್ ಡೈರಿಯಲ್ಲಿ ಅದನ್ನು ಪೂರ್ತಿ ಇಳಿಸಿಕೊಂಡ. ಸಾವಿರ ಜನ ಕಣ್ಣಾಡಿಸಿ ಬಿಟ್ಟ ಸಾಲು, ಬರಹಗಾರನೊಬ್ಬ ಅದರ ಮುಂದೆ ನಿಂತ.

ಹಾಗಾದರೆ ನಾವು ಪೇಪರ್ ಬಿಟ್ಟರೆ ಅವರ ಹಾಗೆ ಬರೆಯಬಹುದಾ ಅಂತ ಪ್ರಶ್ನೆಯ ಒಳಗೊಂದು ಆಸೆ ಇದೆ. ಈ ಜನರ ಬದುಕು ನೋಡಿದರೆ ಹಾಗೇನೂ ತೋರುವುದಿಲ್ಲ. ಅವರು ನೂರು ಸುದ್ದಿ ಓದಿ ನೂರಕ್ಕೂ ಅಭಿಪ್ರಾಯ ಕೊಟ್ಟವರಲ್ಲ. ಒಂದು ಸುದ್ದಿ ತಟ್ಟಿದರೆ ತಿಂಗಳುಗಟ್ಟಲೆ ಅದನ್ನು ಜೊತೆಗಿಟ್ಟುಕೊಂಡವರು. ಆ ಕಾಲದ ಪೇಪರಿಗೆ ಕೊನೆಯ ಪುಟ ಅಂತ ಒಂದಿದ್ದಿದ್ದು ಅವರಿಗೆ ಸಹಾಯವಾಯಿತು, ಅದೂ ನಿಜ.

ಅವರು ಓದಿದ್ದನ್ನೇ ಓದಿ ನೋಡಬೇಕು ಅನ್ನಿಸಿದರೆ ದಾರಿ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ವಿಟ್ಮನ್ ಕಾಲದ ನ್ಯೂಯಾರ್ಕ್ ಟ್ರಿಬ್ಯೂನ್ ಪುಟಗಳು ಉಚಿತವಾಗಿ ಸಿಗುತ್ತವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾದಲ್ಲಿ ಲಾ ಪ್ರೆಸ್ ಇದೆ, 1862ರ ಆಗಸ್ಟ್ ಕೊನೆಯ ಸಂಚಿಕೆಗಳನ್ನು ತೆರೆದರೆ ಪುಟದ ಕೆಳಭಾಗದಲ್ಲಿ ಬೋದಿಲೇರ್ ಸಿಗುತ್ತಾನೆ. ಭಾಷೆ ಬಾರದಿದ್ದರೂ ಪುಟ ನೋಡಿ. ಎಷ್ಟು ಸಣ್ಣ ಅಕ್ಷರ, ಎಷ್ಟು ಒತ್ತೊತ್ತಾದ ಕಾಲಂ, ಚಿತ್ರವೇ ಇಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಇದನ್ನು ಓದುತ್ತಿದ್ದರು.